ಎರಡು ಮಂಗಟ್ಟೆಗಳು: ಒಂದು ತೌಲನಿಕ ವಿವೇಚನೆ

ಚರಿತ್ರೆಯನ್ನು ಬೋಧಿಸುವವರು ಪಕ್ಷಿಗಳನ್ನು ಕುರಿತು ಬರೆಯಹೊರಟರೆ ವಾಚಕರಿಗೆ ಕೊಂಚ ವಿಸ್ಮಯವಾಗುವುದು ಸಹಜ. ಆದುದರಿಂದ ಈ ಲೇಖನದ ಹುಟ್ಟನ್ನು ಮೊದಲೇ ನಿವೇದಿಸಿಕೊಳ್ಳುವುದು ಯುಕ್ತ. ಪಶ್ಚಿಮ ಕರಾವಳಿಯ ಪ್ರಾಚೀನ ಸ್ಥಳನಾಮಗಳನ್ನು ವಿವರಿಸುತ್ತಿದ್ದಾಗ ನಾವು ‘ಮಲಬಾರ್’ ಎಂಬ ಶಬ್ದದ ವ್ಯುತ್ಪತ್ತಿಯನ್ನು ತರಗತಿಯ ಮುಂದಿಟ್ಟೆವು. ಘಟ್ಟದ ಬುಡದ ಹಳ್ಳಿಯೊಂದರಿಂದ ಬಂದ ವಿದ್ಯಾರ್ಥಿಯೊಬ್ಬರು ಎದ್ದು ನಿಂತು ಕೇಳಿದರು: “ಪಕ್ಷಿಗಳ ಪುಸ್ತಕದಲ್ಲಿ ಎರಡು ಮಂಗಟ್ಟೆಗಳಿಗೆ ಮಲಬಾರಿನ ಹೆಸರಿದೆ. ಅವೆರಡರಲ್ಲಿ ನಮ್ಮದು ಯಾವುದು?” ಪ್ರಶ್ನೆ ಸಣ್ಣದು, ಆದರೆ ಉತ್ತರ ನಮ್ಮಲ್ಲಿರಲಿಲ್ಲ. ಅದನ್ನು ಹುಡುಕಹೋದಂತೆ, ಆ ಪ್ರಶ್ನೆ ಹೆಸರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ, ನಮ್ಮ ಜಿಲ್ಲೆಯ ಮರಗಳ ಚರಿತ್ರೆಗೂ ಸಂಬಂಧಪಟ್ಟದ್ದು ಎಂಬುದು ಮನವರಿಕೆಯಾಯಿತು.

ಉಳ್ಳಾಲವು ನೇತ್ರಾವತಿಯ ಅಳಿವೆಯಲ್ಲಿರುವ ಊರು. ಇಲ್ಲಿ ನಿಂತವರಿಗೆ ಪಶ್ಚಿಮಕ್ಕೆ ಕಡಲು. ಪೂರ್ವಕ್ಕೆ ತಿರುಗಿದರೆ ತೆಂಗು, ಅದರಾಚೆ ಮುರಕಲ್ಲಿನ ಬೋಳುಗುಡ್ಡಗಳು, ಅವುಗಳಾಚೆ ತಿಳಿಯಾದ ದಿನಗಳಲ್ಲಿ ಮಾತ್ರ ನೀಲಿಯಾಗಿ ತೋರುವ ಘಟ್ಟದ ಸಾಲು. ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟಿದ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ನಮ್ಮ ಬಾಗಿಲಿಗೆ ಬಂದು ಕಡಲನ್ನು ಸೇರುತ್ತದೆ. ಮಲೆಯಿಂದ ಕಡಲಿನವರೆಗಿನ ಈ ಹಾದಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ.

೧. ಹೆಸರಿನ ಚರಿತ್ರೆ

ಕ್ರಿ. ಶ. ಆರನೆಯ ಶತಮಾನದ ನಡುಭಾಗದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಕಾಸ್ಮಾಸ್ ಇಂಡಿಕೋಪ್ಲೂಸ್ಟಿಸ್ ಎಂಬ ವರ್ತಕ ಸಂನ್ಯಾಸಿ, ಕಾಳುಮೆಣಸು ಬೆಳೆಯುವ ನಾಡನ್ನು ‘ಮಲೆ’ ಎಂದು ಕರೆದು, ಅಲ್ಲಿನ ಐದು ರೇವುಗಳಲ್ಲಿ ‘ಮಂಗರೂತ್’ ಎಂಬುದನ್ನೂ ಸೇರಿಸಿದ್ದಾನೆ. ಅದು ಮಂಗಳೂರೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮ ಕನ್ನಡದ, ತಮಿಳಿನ, ಮಲಯಾಳದ ‘ಮಲೆ’ಯೇ ಆ ಹೆಸರಿನ ಮೂಲವೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಅರಬ್ಬೀ ಮತ್ತು ಪಾರಸೀ ಲೇಖಕರ ಬಾಯಲ್ಲಿ ನಾಡು ಅಥವಾ ತೀರವೆಂಬರ್ಥದ ‘ಬಾರ್’ ಸೇರಿ ಅದು ‘ಮಲಬಾರ್’ ಆಯಿತು. ಹನ್ನೊಂದನೆಯ ಶತಮಾನದ ಅಲ್ ಬಿರೂನಿಯ ಹೊತ್ತಿಗೆ ಈ ರೂಪ ಬಳಕೆಗೆ ಬಂದಿತ್ತು. ಆದುದರಿಂದ ಮೂಲಾರ್ಥದಲ್ಲಿ ಮಲಬಾರ್ ಎಂದರೆ ಬೆಟ್ಟದ ನಾಡು. ಕಡಲಿನಿಂದ ನೋಡಿದವನು ಬೆಟ್ಟಕ್ಕೆ ಇಟ್ಟ ಹೆಸರು.

ಆಡಳಿತದ ಮಲಬಾರ್ ಬೇರೆ. ೧೭೯೯ರ ಅನಂತರ ಇಂಗ್ಲಿಷರ ಕೈಸೇರಿದ ನಮ್ಮ ನಾಡು ಕೆನರಾ ಎನಿಸಿಕೊಂಡಿತು. ಅದನ್ನು ಎರಡಾಗಿ ಒಡೆದು ೧೮೬೨ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಉಳ್ಳಾಲವು ಎಂದೂ ಬ್ರಿಟಿಷರ ಮಲಬಾರ್ ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ಹದಿನೆಂಟನೆಯ ಶತಮಾನದ ಯೂರೋಪಿನ ಪ್ರಕೃತಿಶಾಸ್ತ್ರಜ್ಞರು ಜಿಲ್ಲೆಯ ಗಡಿಗಳನ್ನು ನೋಡಿ ಹೆಸರಿಟ್ಟವರಲ್ಲ. ಹಡಗಿನವರ ಬಾಯಲ್ಲಿ ಭಾರತದ ಪಶ್ಚಿಮ ತೀರವೆಲ್ಲ ಸ್ಥೂಲವಾಗಿ ಮಲಬಾರೇ ಆಗಿತ್ತು; ಶಾಸ್ತ್ರಜ್ಞರು ಆ ರೂಢಿಯನ್ನು ಅನುಸರಿಸಿದರು.

ನಮ್ಮ ಎರಡು ಹಕ್ಕಿಗಳಲ್ಲಿ ಮೊದಲು ಶಾಸ್ತ್ರೀಯ ನಾಮಕರಣ ಪಡೆದದ್ದು ಕಪ್ಪು ಬಿಳುಪಿನ ದೊಡ್ಡ ಹಕ್ಕಿ. ಡಚ್ ವೈದ್ಯ ಪೀಟರ್ ಬೊಡಾರ್ಟ್ ೧೭೮೩ರಲ್ಲಿ, ಫ್ರಾನ್ಸಿನಲ್ಲಿ ಪ್ರಕಟವಾಗಿದ್ದ ಬಣ್ಣದ ಚಿತ್ರಫಲಕಗಳಲ್ಲಿನ ಹಕ್ಕಿಗಳಿಗೆ ಲ್ಯಾಟಿನ್ ಹೆಸರುಗಳನ್ನು ಕೊಡುತ್ತ, ಇದಕ್ಕೆ ‘ಕೊರೊನೇಟಸ್’, ಎಂದರೆ ಕಿರೀಟಧಾರಿ, ಎಂದು ಹೆಸರಿಟ್ಟನು. ಏಳು ವರ್ಷಗಳ ಮೇಲೆ, ೧೭೯೦ರಲ್ಲಿ, ಇಂಗ್ಲಿಷ್ ವೈದ್ಯ ಜಾನ್ ಲ್ಯಾಥಮ್ ಸಣ್ಣ ಹಕ್ಕಿಗೆ ‘ಗ್ರಿಸಿಯಸ್’, ಎಂದರೆ ಬೂದು ಬಣ್ಣದ್ದು, ಎಂದು ಹೆಸರಿಟ್ಟನು. ಇಬ್ಬರೂ ನಮ್ಮ ಘಟ್ಟಗಳನ್ನು ಕಂಡವರಲ್ಲ. ಒಬ್ಬನಿಗೆ ಚಿತ್ರ, ಇನ್ನೊಬ್ಬನಿಗೆ ಒಣಗಿಸಿದ ಚರ್ಮ ಮತ್ತು ಪರರ ವರದಿ: ಆ ಕಾಲದ ನಾಮಕರಣದ ರೀತಿಯೇ ಹಾಗೆ. ಇಂದಿನ ಶಾಸ್ತ್ರೀಯ ಗ್ರಂಥಗಳಲ್ಲಿ ದೊಡ್ಡದು ಆಂಥ್ರಕೋಸೆರಸ್ ಕೊರೊನೇಟಸ್; ಚಿಕ್ಕದು ಆಸಿಸೆರಸ್ ಗ್ರಿಸಿಯಸ್. ಕನ್ನಡದಲ್ಲಿ ಈ ಬಳಗಕ್ಕೆಲ್ಲ ಮಂಗಟ್ಟೆಯೆಂಬ ಹೆಸರು ರೂಢಿಯಲ್ಲಿದೆ. ಲೇಖನದ ಸೌಕರ್ಯಕ್ಕಾಗಿ ನಾವು ದೊಡ್ಡದನ್ನು ಕರಿಬಿಳಿ ಮಂಗಟ್ಟೆಯೆಂದೂ ಚಿಕ್ಕದನ್ನು ಬೂದು ಮಂಗಟ್ಟೆಯೆಂದೂ ಕರೆಯುತ್ತೇವೆ.

ಇನ್ನು, ಮಲಬಾರ್ ಎಂಬ ವಿಶೇಷಣ ಇವುಗಳಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ? ಕರಿಬಿಳಿ ಮಂಗಟ್ಟೆ ಪಶ್ಚಿಮ ಘಟ್ಟದ ಕಾಡುಗಳಲ್ಲಿರುವಂತೆಯೇ ಮಧ್ಯಭಾರತದಲ್ಲಿಯೂ, ಒಡಿಶಾ ಮತ್ತು ಛೋಟಾ ನಾಗಪುರದ ಕಡೆಗಳಲ್ಲಿಯೂ, ಸಿಂಹಳದಲ್ಲಿಯೂ ಇದೆ. ಅದಕ್ಕೆ ಮಲಬಾರ್ ಅನೇಕ ಮನೆಗಳಲ್ಲಿ ಒಂದು ಮನೆ. ಬೂದು ಮಂಗಟ್ಟೆಗಾದರೋ ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನ ಹೊರತು ಪ್ರಪಂಚದಲ್ಲಿ ಬೇರೆ ನೆಲೆಯಿಲ್ಲ. ಸಿಂಹಳದ ಬೂದು ಮಂಗಟ್ಟೆಯನ್ನೂ ಇದನ್ನೂ ಹಿಂದೆ ಒಂದೇ ಜಾತಿಯೆಂದು ಎಣಿಸಿದ್ದುಂಟು. ಈಗ ಅವನ್ನು ಎರಡಾಗಿ ಪರಿಗಣಿಸುತ್ತಾರೆ. ಹೀಗೆ ‘ಮಲೆ’ಯೆಂಬ ಮೂಲಾರ್ಥದಲ್ಲಿ ಹೆಸರು ಪೂರ್ತಿಯಾಗಿ ಸಲ್ಲುವುದು ಚಿಕ್ಕ ಹಕ್ಕಿಗೆ. ವಿದ್ಯಾರ್ಥಿಯ ಪ್ರಶ್ನೆಗೆ ಇದು ಮೊದಲ ಉತ್ತರ.

೨. ಬಳಗದ ಸಾಮಾನ್ಯ ಲಕ್ಷಣಗಳು

ಮಂಗಟ್ಟೆಗಳು ಆಫ್ರಿಕದಿಂದ ನ್ಯೂಗಿನಿಯವರೆಗೆ ಹರಡಿರುವ ಒಂದು ಪ್ರಾಚೀನ ಕುಟುಂಬ. ಭಾರತದಲ್ಲಿ ಒಂಬತ್ತು ಜಾತಿಗಳಿವೆ. ಪಶ್ಚಿಮ ಘಟ್ಟದ ಪ್ರದೇಶದಲ್ಲಿ ನಾಲ್ಕು. ನಾವು ವಿವೇಚಿಸುತ್ತಿರುವ ಎರಡರ ಜೊತೆಗೆ ದೊಡ್ಡ ಮಂಗಟ್ಟೆಯೂ, ಒಣನಾಡಿನ ಬಯಲು ತೋಪುಗಳಲ್ಲಿ ವಾಸಿಸುವ ಇನ್ನೊಂದು ಬೂದು ಬಣ್ಣದ ಜಾತಿಯೂ ಇವೆ. ದೊಡ್ಡ ಮಂಗಟ್ಟೆ ಕೇರಳ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪಕ್ಷಿ. ಪ್ರಸಿದ್ಧಿಯೆಲ್ಲ ಅದರ ಪಾಲಿಗೆ ಹೋಗಿರುವುದರಿಂದ ಉಳಿದವುಗಳ ಕಡೆಗೆ ಗಮನ ಹರಿಯುವುದು ಕಡಮೆ.

ಈ ಕುಟುಂಬದ ಹಕ್ಕಿಗಳಿಗೆಲ್ಲ ಉದ್ದವಾದ, ಕೆಳಕ್ಕೆ ಬಾಗಿದ ಭಾರಿ ಕೊಕ್ಕು. ಅನೇಕ ಜಾತಿಗಳಲ್ಲಿ ಅದರ ಮೇಲೆ ಶಿರಸ್ತ್ರಾಣದಂತಹ ಉಬ್ಬು. ಈ ಕೊಕ್ಕಿನ ಹೊರೆಯನ್ನು ಹೊರಲೆಂಬಂತೆ ಕತ್ತಿನ ಮೊದಲ ಎರಡು ಎಲುಬುಗಳು ಒಂದಾಗಿ ಬೆಸೆದುಕೊಂಡಿವೆ. ಪಕ್ಷಿವರ್ಗದಲ್ಲಿ ಇದು ಮಂಗಟ್ಟೆಗಳ ವಿಶಿಷ್ಟ ಲಕ್ಷಣ. ಕಣ್ಣಿನ ಮೇಲೆ ರೆಪ್ಪೆಗೂದಲಿನಂತಹ ಪುಕ್ಕಗಳಿವೆ. ನಾಲಿಗೆ ಗಿಡ್ಡವಾದುದರಿಂದ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆಯನ್ನು ಮೇಲಕ್ಕೆ ಒದರಿ, ಗಂಟಲಿಗೆ ಎಸೆದುಕೊಳ್ಳಬೇಕು. ಹಣ್ಣನ್ನು ಇಡಿಯಾಗಿ ನುಂಗುವುದರಿಂದ ಬೀಜ ಒಡೆಯುವುದಿಲ್ಲ. ಹಕ್ಕಿಯು ಅದನ್ನು ಕಕ್ಕಿಯೋ ಮಲದೊಡನೆ ವಿಸರ್ಜಿಸಿಯೋ ತಾಯಿಮರದಿಂದ ದೂರದಲ್ಲಿ ಬೀಳಿಸುತ್ತದೆ. ಸಣ್ಣ ಹಕ್ಕಿಗಳು ನುಂಗಲಾರದ ದಪ್ಪ ಬೀಜದ ಮರಗಳಿಗೆ ಇವುಗಳ ಸೇವೆ ಬಹುಮುಖ್ಯ.

೩. ರೂಪ ಮತ್ತು ಧ್ವನಿ

ಬೂದು ಮಂಗಟ್ಟೆ ಸುಮಾರು ೪೫ ಸೆಂಟಿಮೀಟರು ಉದ್ದವಿದ್ದು, ಮಂಗಟ್ಟೆಗಳಲ್ಲಿ ಕಿರಿಯದೆನ್ನಬಹುದು. ಮೈಯ ಬಣ್ಣ ಕಂದು ಬೆರೆತ ಬೂದು. ಕಣ್ಣಿನ ಮೇಲೆ ಹುಬ್ಬಿನಂತೆ ಬಿಳಿಯ ಪಟ್ಟೆ. ಉದ್ದವಾದ ಬಾಲಕ್ಕೆ ಬಿಳಿಯ ತುದಿ. ಕೊಕ್ಕಿನ ಮೇಲೆ ಶಿರಸ್ತ್ರಾಣವಿಲ್ಲ. ಒಣನಾಡಿನ ಬೂದು ಜಾತಿಯಿಂದ ಇದನ್ನು ಬೇರ್ಪಡಿಸುವ ಸುಲಭವಾದ ಗುರುತು ಇದೇ: ಅದರ ಕೊಕ್ಕಿನ ಮೇಲೆ ಮೊನಚಾದ ಸಣ್ಣ ಉಬ್ಬು ಇದೆ. ಬೂದು ಮಂಗಟ್ಟೆಯಲ್ಲಿ ಗಂಡಿನ ಕೊಕ್ಕು ಕೆಂಪು ಛಾಯೆಯದು, ತುದಿ ಹಳದಿ. ಹೆಣ್ಣಿನ ಕೊಕ್ಕು ಹಳದಿ; ಬುಡದಲ್ಲಿ ಕಪ್ಪು ಗುರುತು.

ಕರಿಬಿಳಿ ಮಂಗಟ್ಟೆ ಸುಮಾರು ೬೫ ಸೆಂಟಿಮೀಟರು ಉದ್ದ. ಬೆನ್ನು, ಕತ್ತು, ತಲೆ ಕಪ್ಪು. ಹೊಟ್ಟೆ ಅಚ್ಚ ಬಿಳುಪು. ಹಾರುವಾಗ ರೆಕ್ಕೆಯ ಹಿಂಬದಿಯಲ್ಲಿ ಬಿಳಿಯ ಅಂಚು ಕಾಣುತ್ತದೆ. ಬಾಲದ ನಡುವಿನ ಗರಿಗಳು ಕಪ್ಪು, ಹೊರಗಿನ ಗರಿಗಳು ಪೂರ್ತಿ ಬಿಳುಪು. ಹಳದಿ ಕೊಕ್ಕಿನ ಮೇಲೆ ಕಪ್ಪು ಮಚ್ಚೆಯುಳ್ಳ ದೊಡ್ಡ ಶಿರಸ್ತ್ರಾಣವಿದ್ದು, ಬೊಡಾರ್ಟ್ ಇಟ್ಟ ಕಿರೀಟಧಾರಿಯೆಂಬ ಹೆಸರನ್ನು ಅದು ಸಾರ್ಥಕಗೊಳಿಸಿದೆ. ಗಂಡಿನ ಕಣ್ಣು ಕೆಂಪು. ಹೆಣ್ಣಿನ ಕಣ್ಣ ಸುತ್ತ ಬಿಳಿಯ ಬರಿಯ ಚರ್ಮ. ದೊಡ್ಡ ಮಂಗಟ್ಟೆಯೂ ಕಪ್ಪು ಬಿಳುಪಿನದೇ ಆದುದರಿಂದ ದೂರದಿಂದ ನೋಡುವವರು ಇವೆರಡನ್ನು ಬೆರಸುವುದುಂಟು. ನಾವೂ ಮೊದಲ ಬಾರಿಗೆ ಒಂದು ಭಾವಚಿತ್ರವನ್ನು ನೋಡಿ ಹಾಗೆ ತಪ್ಪಿದೆವು. ಬಾಲವನ್ನು ಗಮನಿಸಿದರೆ ತೊಡಕು ಬಿಡುತ್ತದೆ. ದೊಡ್ಡ ಮಂಗಟ್ಟೆಯ ಬಾಲ ಬಿಳುಪು, ಅದರ ಅಡ್ಡಕ್ಕೆ ಒಂದು ಕರಿಯ ಪಟ್ಟಿ; ಕತ್ತು ಹಳದಿ ಮಿಶ್ರಿತ ಬಿಳುಪು. ಕರಿಬಿಳಿ ಮಂಗಟ್ಟೆಯ ಕತ್ತು ಕಪ್ಪೇ.

ಕಾಡಿನಲ್ಲಿ ಕಣ್ಣಿಗಿಂತ ಕಿವಿ ಮುಂದು. ಬೂದು ಮಂಗಟ್ಟೆಯ ಕೂಗು ಗಟ್ಟಿಯಾದ ಒರಟು ನಗೆಯಂತಿದೆ. ಯಾರೋ ತಡೆದು ತಡೆದು ನಕ್ಕು, ಕೊನೆಗೆ ತಡೆಯಲಾರದೆ ಗಹಗಹಿಸಿದಂತೆ. ಘಟ್ಟದ ತೋಟಗಳಲ್ಲಿ ಬೆಳೆದವರಿಗೆ ಅದು ಪರಿಚಿತ ಧ್ವನಿ. ಕರಿಬಿಳಿ ಮಂಗಟ್ಟೆಯದು ಕೀರಲು ಕೂಗು. ಅನೇಕ ಹಕ್ಕಿಗಳು ಕೂಡಿ ಒಮ್ಮೆಗೇ ಕೂಗುವುದರಿಂದ ಅದು ಬಹು ದೂರದವರೆಗೂ ಕೇಳಿಸುತ್ತದೆ.

೪. ಪೊಟರೆಯ ನಿಯಮ

ರೂಪದಲ್ಲಿ ಇಷ್ಟು ಭಿನ್ನವಾದ ಎರಡು ಹಕ್ಕಿಗಳೂ ಸಂತಾನೋತ್ಪತ್ತಿಯ ವಿಷಯದಲ್ಲಿ ಒಂದೇ ನಿಯಮಕ್ಕೆ ಕಟ್ಟುಬಿದ್ದಿವೆ. ಮಂಗಟ್ಟೆಗಳು ಗೂಡು ಹೆಣೆಯುವುದಿಲ್ಲ. ಮರಕುಟಿಗದಂತೆ ಮರವನ್ನು ಕೊರೆಯಲೂ ಅರಿಯವು. ಕೊಂಬೆ ಮುರಿದು, ಮಳೆನೀರು ಇಳಿದು, ತಿರುಳು ಕೊಳೆತು, ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆಯೇ ಅವುಗಳಿಗೆ ಗತಿ. ಬೇಸಗೆಯ ತಿಂಗಳುಗಳಲ್ಲಿ ಹೆಣ್ಣು ಅದರೊಳಗೆ ಸೇರಿ, ಮುಖ್ಯವಾಗಿ ತನ್ನ ಮಲವನ್ನೇ ಗಾರೆಯಾಗಿ ಮಾಡಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಚಾಚುವಷ್ಟು ಕಿರಿದಾದ ಸೀಳು ಮಾತ್ರ ಉಳಿಯುತ್ತದೆ. ಆ ಸೀಳಿನ ಮೂಲಕ ಗಂಡು ಹಣ್ಣನ್ನೂ ಹುಳುವನ್ನೂ ಓತಿಯನ್ನೂ ತಂದು ಉಣಿಸಬೇಕು.

ಬೂದು ಮಂಗಟ್ಟೆಯಲ್ಲಿ ಹೆಣ್ಣು ಸಾಮಾನ್ಯವಾಗಿ ಜನವರಿಯ ಸುಮಾರಿಗೆ ಪೊಟರೆಯನ್ನು ಹೊಗುತ್ತದೆ. ಮರಿಗಳು ಹೊರಬರುವ ವೇಳೆಗೆ ಸುಮಾರು ಮೂರು ತಿಂಗಳು ಕಳೆದಿರುತ್ತದೆ. ಒಳಗಿರುವಾಗ ಹೆಣ್ಣು ತನ್ನ ಹಳೆಯ ಗರಿಗಳನ್ನು ಉದುರಿಸಿ ಹೊಸವನ್ನು ಬೆಳೆಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಹೊರಗೆ ಗಂಡು ಸತ್ತರೆ ಒಳಗಿನ ಸಂಸಾರ ಬದುಕುವುದು ದುಸ್ತರ. ಹಾವು, ಮರನಾಯಿ ಮುಂತಾದ ಶತ್ರುಗಳಿಂದ ರಕ್ಷಣೆ ದೊರೆಯುವುದು ನಿಜ. ಆದರೆ ಅದರ ಬೆಲೆ ಸಂಪೂರ್ಣ ಪರಾಧೀನತೆ.

ಇದರಿಂದ ಒಂದು ಮುಖ್ಯವಾದ ನಿರ್ಣಯ ಹೊರಡುತ್ತದೆ. ಮರವು ಎಳೆಯದಾಗಿ, ನೆಟ್ಟಗೆ, ಗಟ್ಟಿಯಾಗಿದ್ದಷ್ಟೂ ಮನುಷ್ಯನಿಗೆ ಬೆಲೆಯುಳ್ಳದ್ದು. ಮಂಗಟ್ಟೆಗೆ ಬೇಕಾದದ್ದು ಇದಕ್ಕೆ ನೇರ ವಿರುದ್ಧವಾದ ಮರ: ಮುದಿಯಾದದ್ದು, ಒಳಗೆ ಟೊಳ್ಳಾದದ್ದು, ಗರಗಸಕ್ಕೆ ಬಾರದ್ದು. ಅಂತಹ ಪೊಟರೆಯಾಗಲು ದಶಕಗಳು ಬೇಕು. ಅದನ್ನು ಉರುಳಿಸಲು ಒಂದು ಪೂರ್ವಾಹ್ನ ಸಾಕು.

೫. ಆಹಾರ ಮತ್ತು ನೆಲೆ

ಎರಡು ಹಕ್ಕಿಗಳ ಆಹಾರದಲ್ಲಿ ಆಲ, ಅತ್ತಿ, ಬಸರಿ, ಗೋಳಿಗಳ ಬಳಗಕ್ಕೆ ಅಗ್ರಸ್ಥಾನ. ಈ ಮರಗಳು ಬೇರೆ ಬೇರೆ ಕಾಲಗಳಲ್ಲಿ ಹಣ್ಣಾಗುವುದರಿಂದ ವರ್ಷದ ಯಾವ ತಿಂಗಳಲ್ಲಿಯೂ ಎಲ್ಲಿಯಾದರೊಂದು ಕಡೆ ಊಟ ದೊರೆಯುತ್ತದೆ. ಇದಾದ ಮೇಲೆ ಇವುಗಳ ದಾರಿಗಳು ಬೇರೆಯಾಗುತ್ತವೆ.

ಬೂದು ಮಂಗಟ್ಟೆ ಮಳೆಕಾಡಿನ ಹಕ್ಕಿ. ನಿತ್ಯಹರಿದ್ವರ್ಣದ ಮತ್ತು ತೇವಭರಿತ ಪರ್ಣಪಾತಿ ಕಾಡುಗಳು ಅದರ ನೆಲೆ. ರಾಮಪತ್ರೆಯ ಬಳಗ, ಕಾಡುದಾಲ್ಚಿನ್ನಿಯ ಬಳಗ, ಧೂಪದ ಮರಗಳು ಅದರ ಪಾಕಶಾಲೆ. ರಾಮಪತ್ರೆಯ ಕಾಯಿ ಬಿರಿದಾಗ ಒಳಗಿನ ಕೆಂಪು ಪತ್ರೆಗಾಗಿ ಹಕ್ಕಿ ಬೀಜವನ್ನು ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ಬೇರೆ ಕಡೆ ಕಕ್ಕುತ್ತದೆ. ಗಾತ್ರ ಚಿಕ್ಕದಾದ ಕಾರಣ ಸಾಧಾರಣ ಪೊಟರೆಯೂ ಇದಕ್ಕೆ ಸಾಕಾಗುತ್ತದೆ. ಆದುದರಿಂದ ಹಳೆಯ ನೆರಳುಮರಗಳನ್ನು ಉಳಿಸಿಕೊಂಡ ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿಯೂ, ಕಾಡಿಗೆ ಹೊಂದಿಕೊಂಡ ಅಡಕೆ ತೋಟಗಳ ಮೇಲಣ ಹಾಡಿಗಳಲ್ಲಿಯೂ ಅದು ಕಾಣಸಿಗುತ್ತದೆ. ಸಾಮಾನ್ಯವಾಗಿ ಜೋಡಿಯಾಗಿಯೋ ಚಿಕ್ಕ ಗುಂಪುಗಳಲ್ಲಿಯೋ ಇರುತ್ತದೆ.

ಕರಿಬಿಳಿ ಮಂಗಟ್ಟೆಗೆ ಅಷ್ಟು ದಟ್ಟವಾದ ಮಳೆಕಾಡು ಬೇಕಿಲ್ಲ. ಅದು ಹೆಚ್ಚಾಗಿ ತಗ್ಗಿನ ತೇವಭರಿತ ಪರ್ಣಪಾತಿ ಕಾಡುಗಳನ್ನು, ಅದರಲ್ಲಿಯೂ ಹೊಳೆಯಂಚಿನ ಎತ್ತರದ ಮರಗಳನ್ನು ಆಶ್ರಯಿಸುತ್ತದೆ. ಕೇರಳದಲ್ಲಿ ಚಾಲಕುಡಿ ಹೊಳೆಯ ವಾಳಚ್ಚಾಲ್ ಕಾಡುಗಳು, ನಮ್ಮ ರಾಜ್ಯದಲ್ಲಿ ಕಾಳೀ ನದಿಯ ದಾಂಡೇಲಿ ಪ್ರದೇಶ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ದಾಂಡೇಲಿಯ ನಾಟಾ ಸಂಗ್ರಹಾಲಯದ ಮರಗಳಿಗೆ ಈ ಹಕ್ಕಿಗಳು ಗುಂಪುಗುಂಪಾಗಿ ಬರುವುದನ್ನು ಪ್ರವಾಸಿಗಳು ಹೋಗಿ ನೋಡುತ್ತಾರೆ. ಕಡಿದ ಮರಗಳ ರಾಶಿಯ ಮೇಲ್ಗಡೆ, ಕಡಿಯದೆ ಬಿಟ್ಟ ಮರಗಳಲ್ಲಿ ಹಕ್ಕಿಗಳು ಕೂರುವ ಆ ದೃಶ್ಯಕ್ಕೆ ವ್ಯಾಖ್ಯಾನ ಬೇಕಿಲ್ಲ. ೨೦೧೧ರಲ್ಲಿ ಕರ್ನಾಟಕ ಸರ್ಕಾರವು ದಾಂಡೇಲಿಯಲ್ಲಿ ಮಂಗಟ್ಟೆಗಳ ಹೆಸರಿನಲ್ಲಿಯೇ ಒಂದು ಸಂರಕ್ಷಣಾ ಮೀಸಲನ್ನು ಘೋಷಿಸಿತು.

ಈ ಹಕ್ಕಿಯ ಆಹಾರದಲ್ಲಿ ನಮ್ಮ ಕಡೆಯವರಿಗೆ ಕುತೂಹಲ ಹುಟ್ಟಿಸುವ ಒಂದು ಮರವುಂಟು, ಅದು ಕಾಸರಕ. ಇದರ ಬೀಜದ ವಿಷ ಲೋಕಪ್ರಸಿದ್ಧ. ಕರಿಬಿಳಿ ಮಂಗಟ್ಟೆ ಕಿತ್ತಳೆ ಬಣ್ಣದ ಆ ಹಣ್ಣಿನ ತಿರುಳನ್ನು ನಿರ್ಭಯವಾಗಿ ತಿನ್ನುತ್ತದೆ. ಉಳ್ಳಾಲಕ್ಕೆ ದಕ್ಷಿಣದ ಕಾಸರಗೋಡಿಗೆ ಆ ಹೆಸರು ಕಾಸರಕದ ಮರದಿಂದ ಬಂದಿತೆಂಬ ಒಂದು ಅಭಿಪ್ರಾಯವಿದೆ. ಅದು ನಿಜವಾದರೆ, ಒಂದು ಊರಿನ ಹೆಸರಿನಲ್ಲಿ ಹಕ್ಕಿಯ ಊಟದ ಮರ ಉಳಿದುಕೊಂಡಂತಾಯಿತು. ಸ್ಥಳನಾಮಗಳನ್ನು ಓದುವವರು ಇಂತಹ ಸೂಚನೆಗಳನ್ನು ಅಲಕ್ಷಿಸಲಾಗದು.

ಸಂಗ್ರಹವಾಗಿ ಹೇಳುವುದಾದರೆ, ಬೂದು ಮಂಗಟ್ಟೆಗೆ ದೇಶ ಕಿರಿದು, ಆದರೆ ಆ ದೇಶದೊಳಗೆ ಅದು ಹೊಂದಿಕೊಂಡು ಬಾಳಬಲ್ಲದು. ಕರಿಬಿಳಿ ಮಂಗಟ್ಟೆಗೆ ದೇಶ ವಿಸ್ತಾರ, ಆದರೆ ಅದು ಅಲ್ಲಲ್ಲಿ ತುಂಡುತುಂಡಾಗಿ ಹಂಚಿಹೋಗಿದೆ.

೬. ನಮ್ಮ ಕರಾವಳಿಯ ಮರಗಳು

ಈಗ ನಾವು ನಮ್ಮ ಸ್ವಂತ ಕ್ಷೇತ್ರಕ್ಕೆ ಹಿಂದಿರುಗಬಹುದು. ಉಳ್ಳಾಲದ ಚರಿತ್ರೆಯೆಂದರೆ ಚೌಟರು, ರಾಣಿ ಅಬ್ಬಕ್ಕ, ಪೋರ್ಚುಗೀಸರೊಡನೆ ನಡೆದ ಕದನಗಳು, ಮೆಣಸು ಅಕ್ಕಿಗಳ ವ್ಯಾಪಾರ ಎಂದು ನಾವು ಬೋಧಿಸುತ್ತೇವೆ. ಈ ರೇವುಗಳ ಹಿಂದೆ ಇದ್ದ ಮರಗಳ ಚರಿತ್ರೆ ಪಾಠಪುಸ್ತಕಗಳಲ್ಲಿ ಬರುವುದಿಲ್ಲ. ಆದರೆ ಅದರ ಸ್ಥೂಲರೇಖೆ ನಮಗೆ ತಿಳಿದೇ ಇದೆ. ಕೆನರಾದ ಕಾಡುಗಳಿಂದ ಹಡಗಿನ ಕೂವೆಮರಗಳಿಗಾಗಿ ನೆಟ್ಟನೆಯ ದೊಡ್ಡ ಮರಗಳು ಕಡಲಿಗಿಳಿದವು. ತೇಗದ ಆಸೆಯಿಂದ ೧೮೦೬ರಲ್ಲಿ ಕಂಪೆನಿಯವರು ಮಲಬಾರಿಗೆ ವಾಟ್ಸನ್ ಎಂಬ ಅಧಿಕಾರಿಯನ್ನು ಅರಣ್ಯಪಾಲಕನನ್ನಾಗಿ ನೇಮಿಸಿದರು; ಆ ಹುದ್ದೆ ೧೮೨೩ರಲ್ಲಿ ರದ್ದಾಯಿತು. ೧೮೬೦ರ ದಶಕದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಆವೆಮಣ್ಣು ಹೇಗೋ, ಕಾಡಿನ ಸೌದೆಯೂ ಹಾಗೆಯೇ ಆ ಉದ್ಯಮದ ಆಧಾರವಾಗಿತ್ತು. ಕೂವೆಮರಕ್ಕೆ ಬಾರದ ಡೊಂಕು ಮರ, ಟೊಳ್ಳು ಮರ ಕೂಡ ಹಂಚಿನ ಆವಿಗೆಗೆ ಸಲ್ಲುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಅದೇ ದಶಕದಲ್ಲಿ, ೧೮೬೫ರಲ್ಲಿ, ಭಾರತದ ಮೊದಲ ಅರಣ್ಯ ಕಾಯಿದೆ ಬಂದಿತು; ೧೮೮೨ರಲ್ಲಿ ಮದರಾಸಿನ ಅರಣ್ಯ ಕಾಯಿದೆ. ಕಾಯಿದೆಗಳು ಕಾಡನ್ನು ಉಳಿಸಿದವು ನಿಜ. ಆದರೆ ನಾಟಾ ಬೆಳೆಯುವ ದೃಷ್ಟಿಯಿಂದ ಉಳಿಸಿದವು. ಆ ದೃಷ್ಟಿಗೆ ಮುದಿಮರವೆಂದರೆ ವ್ಯರ್ಥವಾಗಿ ಜಾಗ ಹಿಡಿದಿರುವ ಮರ.

ಇದಕ್ಕೆ ಪ್ರತಿಯಾಗಿ, ನಮ್ಮ ಜಿಲ್ಲೆಯ ಎರಡು ಹಳೆಯ ವ್ಯವಸ್ಥೆಗಳನ್ನು ಹೆಸರಿಸಬೇಕು. ಒಂದು, ಕುಮ್ಕಿ. ಪಟ್ಟೆಯ ಜಮೀನಿಗೆ ತಾಗಿ ೧೦೦ ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆಗಳನ್ನು ಪಡೆಯುವ ಸೌಲಭ್ಯ ಕೃಷಿಕನಿಗಿತ್ತು. ಅಡಕೆ ತೋಟಕ್ಕೆ ಪ್ರತಿವರ್ಷವೂ ಸೊಪ್ಪು ಬೇಕಾದುದರಿಂದ ಅಲ್ಲಿನ ಮರಗಳನ್ನು ಸವರುತ್ತಿದ್ದರೇ ಹೊರತು ಬುಡಸಹಿತ ಕಡಿಯುವುದರಲ್ಲಿ ಲಾಭವಿರಲಿಲ್ಲ. ಸವರಿದ ಕೊಂಬೆಯ ಗಾಯದಿಂದಲೇ ಪೊಟರೆ ಹುಟ್ಟುತ್ತದೆ ಎಂಬುದನ್ನು ನೆನೆದರೆ, ಕುಮ್ಕಿಯ ಹಾಡಿಗಳು ತಿಳಿಯದೆಯೇ ಮಂಗಟ್ಟೆಗಳಿಗೆ ಮನೆ ಒದಗಿಸಿರಬಹುದೆಂದು ನಮಗೆ ತೋರುತ್ತದೆ. ಇನ್ನೊಂದು, ನಾಗಬನ. ಸರ್ಪಭಯದಿಂದಲೂ ಭಕ್ತಿಯಿಂದಲೂ ಕೊಡಲಿ ಮುಟ್ಟದ ಈ ತುಂಡುಕಾಡುಗಳಲ್ಲಿ ಗೋಳಿ, ರೆಂಜೆ, ಧೂಪದಂತಹ ಮರಗಳು ತಮ್ಮ ಪೂರ್ಣಾಯುಷ್ಯವನ್ನು ಕಂಡವು. ಇತ್ತೀಚಿನ ದಶಕಗಳಲ್ಲಿ ಅನೇಕ ಕುಮ್ಕಿಗಳು ರಬ್ಬರು ತೋಟಗಳಾಗಿವೆ. ಅನೇಕ ಬನಗಳಲ್ಲಿ ಮರ ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ. ರಬ್ಬರು ಮರವೂ ಹಸುರಾಗಿಯೇ ಇದೆ. ಆದರೆ ಮಂಗಟ್ಟೆಗೆ ಅದರಲ್ಲಿ ಹಣ್ಣಿಲ್ಲ. ಹಾಲು ಬತ್ತಿದೊಡನೆ ಕಡಿಯುವುದರಿಂದ ಪೊಟರೆಯೂ ಇಲ್ಲ.

೭. ಎಣಿಕೆಯ ಪಾಠ

ಇಷ್ಟನ್ನು ಓದಿದ ವಾಚಕರಿಗೆ, ಎರಡರಲ್ಲಿ ಅಪಾಯ ಹೆಚ್ಚಾಗಿರುವುದು ಅಪರೂಪವಾದ ಕರಿಬಿಳಿ ಮಂಗಟ್ಟೆಗೇ ಎಂದು ತೋರುವುದು ಸ್ವಾಭಾವಿಕ. ನಾವೂ ಹಾಗೆಯೇ ಎಣಿಸಿದ್ದೆವು. ವಸ್ತುಸ್ಥಿತಿ ಬೇರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಕರಿಬಿಳಿ 
ಮಂಗಟ್ಟೆ ಅಪಾಯದ ಸಮೀಪದಲ್ಲಿರುವ ಜಾತಿ. ಬೂದು ಮಂಗಟ್ಟೆಯಾದರೋ ಬಹುಕಾಲ ನಿಶ್ಚಿಂತೆಯ ವರ್ಗದಲ್ಲಿದ್ದು, ೨೦೨೦ರಲ್ಲಿ ಅದಕ್ಕಿಂತ ಗಂಭೀರವಾದ, ಅಪಾಯಕ್ಕೆ ಈಡಾದ ಜಾತಿಗಳ ವರ್ಗಕ್ಕೆ ಸೇರಿತು.

ಕಾರಣ ವಿಚಾರಯೋಗ್ಯ. ಬೂದು ಮಂಗಟ್ಟೆ ಘಟ್ಟದಲ್ಲಿ ಎಲ್ಲರಿಗೂ ಕಾಣುವ, ಎಲ್ಲರಿಗೂ ಕೇಳಿಸುವ ಹಕ್ಕಿ. ಹೀಗಿರುವುದರಿಂದಲೇ ಅದನ್ನು ಲೆಕ್ಕವಿಡಬೇಕೆಂದು ಹಿಂದೆ ಯಾರಿಗೂ ತೋರಲಿಲ್ಲ. ಅಸಂಖ್ಯ ಪಕ್ಷಿವೀಕ್ಷಕರು ದಿನದಿನವೂ ಬರೆದಿಟ್ಟ ಪಟ್ಟಿಗಳನ್ನು ಕೂಡಿಸಿ ನೋಡುವ ಪದ್ಧತಿ ಬಂದ ಮೇಲೆ, ಅದರ ಸಂಖ್ಯೆ ಇಳಿಯುತ್ತಿದೆಯೆಂಬುದು ಗೋಚರಕ್ಕೆ ಬಂದಿತು. ಹಕ್ಕಿ ಕಣ್ಣಿಗೆ ಬೀಳುತ್ತಿತ್ತು. ಇಳಿಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಇದರ ಜೊತೆಗೆ ಅದರ ನೆಲೆಯ ಸಂಕೋಚವನ್ನೂ ಎಣಿಸಬೇಕು. ಕರಿಬಿಳಿ ಮಂಗಟ್ಟೆ ನಮ್ಮ ಘಟ್ಟದಲ್ಲಿ ಅಳಿದರೂ ಸಿಂಹಳದಲ್ಲಿಯೋ ಮಧ್ಯಭಾರತದಲ್ಲಿಯೋ ಉಳಿದೀತು. ಬೂದು ಮಂಗಟ್ಟೆ ಇಲ್ಲಿ ಅಳಿದರೆ ಪ್ರಪಂಚದಲ್ಲಿಯೇ ಅಳಿದಂತೆ.

ಇತಿಹಾಸದ ಅಭ್ಯಾಸಿಗಳಿಗೂ ಇದರಲ್ಲಿ ಒಂದು ಪಾಠವಿದೆ. ದಾಖಲೆಗಳಲ್ಲಿ ಉಳಿಯುವುದು ಅಪೂರ್ವವಾದದ್ದು; ಸಾಮಾನ್ಯವಾದದ್ದನ್ನು ಯಾರೂ ಬರೆದಿಡುವುದಿಲ್ಲ. ೧೮೦೦ ಮತ್ತು ೧೮೦೧ರಲ್ಲಿ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣು, ಬೆಳೆ, ಕಂದಾಯ, ನಾಟಾಮರಗಳನ್ನು ಅದ್ಭುತವಾದ ಶ್ರದ್ಧೆಯಿಂದ ಬರೆದಿಟ್ಟನು. ನಮ್ಮ ಮುರಕಲ್ಲಿಗೆ ಶಾಸ್ತ್ರೀಯ ಹೆಸರಿಟ್ಟವನೂ ಅವನೇ. ಆದರೆ ಯಾವ ಮರದ ಪೊಟರೆಯಲ್ಲಿ ಯಾವ ಹಕ್ಕಿ ಇತ್ತೆಂಬುದು ಯಾವ ಕಂದಾಯದ ಲೆಕ್ಕಕ್ಕೂ ಬರುವಂಥದಲ್ಲ. ಆದ್ದರಿಂದ ಎಷ್ಟು ಮಂಗಟ್ಟೆಗಳು ಇದ್ದವು, ಎಷ್ಟು ಹೋದವು ಎಂಬುದನ್ನು ಹಳೆಯ ಕಾಗದಗಳು ಹೇಳಲಾರವು. ಜ್ಞಾಪಕಗಳು ಸ್ವಲ್ಪಮಟ್ಟಿಗೆ ಹೇಳಬಲ್ಲವು.

ಅಂತಹ ಒಂದು ಜ್ಞಾಪಕವನ್ನು ಪ್ರಶ್ನೆ ಕೇಳಿದ ವಿದ್ಯಾರ್ಥಿಯೇ ನಮಗೆ ಒದಗಿಸಿದರು. ಅವರ ಮನೆಯ ಅಡಕೆ ತೋಟದ ಮೇಲ್ಗಡೆ ಒಂದು ಹಳೆಯ ಧೂಪದ ಮರವಿತ್ತಂತೆ. ಅವರು ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲೆಲ್ಲ ಬೇಸಗೆಯಲ್ಲಿ ಒಂದು ಜೋಡಿ ಬೂದು ಮಂಗಟ್ಟೆ ಅದಕ್ಕೆ ಬರುತ್ತಿತ್ತು. ಮರ ಟೊಳ್ಳಾಗಿದೆ, ಮಳೆಗಾಲದಲ್ಲಿ ತೋಟದ ಮೇಲೆ ಬಿದ್ದೀತು ಎಂದು ಮನೆಯವರು ಅದನ್ನು ಕಡಿಸಿದರು. ಅವರ ಭಯ ನಿರಾಧಾರವಾದದ್ದೇನಲ್ಲ. ಮುಂದಿನ ಜನವರಿಯಲ್ಲಿ ಹಕ್ಕಿಗಳು ಬಂದು, ಪಕ್ಕದ ಮರಗಳಲ್ಲಿ ಕೆಲವು ದಿನ ಕೂತೆದ್ದು, ಕೂಗಿ, ಹೋದವು, ಆಮೇಲೆ ಬರಲಿಲ್ಲ. “ಅದು ಪುಸ್ತಕದಲ್ಲಿರುವ ಹಕ್ಕಿಯೆಂದು ಆಗ ಗೊತ್ತಿರಲಿಲ್ಲ” ಎಂದು ಅವರು ಹೇಳಿದರು.

೮. ಉಪಸಂಹಾರ

ಈ ಎರಡು ಹಕ್ಕಿಗಳ ತುಲನೆಯಿಂದ ನಮಗೆ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಒಂದೇ ವಿಶೇಷಣ ಹೊತ್ತ ಮಾತ್ರಕ್ಕೆ ಎರಡರ ನಾಡೂ ಒಂದೇ ಅಲ್ಲ. ಮಲೆಯ ಹೆಸರಿಗೆ ಪೂರ್ಣ ಹಕ್ಕುದಾರ ಬೂದು ಮಂಗಟ್ಟೆ. ಎರಡು, ರೂಪ, ಗಾತ್ರ, ನೆಲೆಗಳಲ್ಲಿ ಭೇದವಿದ್ದರೂ ಎರಡರ ಬಾಳೂ ಮುದಿಮರದ ಪೊಟರೆಯೆಂಬ ಒಂದೇ ದಾರದಲ್ಲಿ ತೂಗುತ್ತಿದೆ. ಮೂರು, ಸಾಮಾನ್ಯವಾಗಿ ಕಾಣುವುದೆಂಬ ಮಾತಿಗೆ ಸುರಕ್ಷಿತವಾಗಿರುವುದೆಂಬ ಅರ್ಥವಿಲ್ಲ.

ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಬೆಳ್ತಂಗಡಿ, ಸುಳ್ಯ, ಪುತ್ತೂರು, ಕಡಬಗಳ ಕಡೆಯವರು. ತೋಟದ ಅಂಚಿನಲ್ಲಿ ಇನ್ನೂ ಹಳೆಯ ಮರಗಳುಳ್ಳ ಮನೆಗಳವರು. ಊರಿನ ದೇವಸ್ಥಾನದ ಶಾಸನವನ್ನು ನಕಲು ಮಾಡಿ ತರಲು ನಾವು ಅವರಿಗೆ ಹೇಳುವುದುಂಟು. ಅದರೊಡನೆ ಊರಿನ ಪೊಟರೆಮರಗಳ ಪಟ್ಟಿಯನ್ನೂ ಮಾಡಿ ತರಲು ಹೇಳಬಹುದಾಗಿದೆ: ಯಾವ ಜಾತಿಯ ಮರ, ಯಾರ ಕುಮ್ಕಿ ಅಥವಾ ಯಾವ ಬನ, ಯಾವ ತಿಂಗಳಲ್ಲಿ ಯಾವ ಹಕ್ಕಿ ಬಂದಿತು, ಯಾವ ವರ್ಷದಿಂದ ಬರುವುದನ್ನು ನಿಲ್ಲಿಸಿತು. ಶಾಸನದ ಕಲ್ಲು ಇನ್ನೂ ಕೆಲವು ಶತಮಾನ ಕಾಯಬಲ್ಲದು. ಮರಕ್ಕೆ ಅಷ್ಟು ವ್ಯವಧಾನವಿಲ್ಲ. ಆದುದರಿಂದ ಈ ಕೆಲಸವನ್ನು ಬರುವ ಜನವರಿಯಲ್ಲಿಯೇ ಆರಂಭಿಸುವುದು ಲೇಸು.